ಸಾಮಾನ್ಯ ಮಾನಸಿಕ ಕಾಯಿಲೆಗಳು: ಶಿರೂರು–ಕೋಟ ಕರಾವಳಿ

ಖಿನ್ನತೆ, ಆತಂಕ, ದಿಢೀರನೆ ಬರುವ ಗಾಬರಿ, ಅಕಾರಣ ಭಯ, ಗೀಳು, ಎಷ್ಟು ಪರೀಕ್ಷೆ ಮಾಡಿಸಿದರೂ ಕಾರಣ ಸಿಗದ ಮೈಕೈ ನೋವು ಮತ್ತು ಸುಸ್ತು ಇವೆಲ್ಲ ಸೇರಿ ಸಾಮಾನ್ಯ ಮಾನಸಿಕ ಕಾಯಿಲೆಗಳು. ಬ್ರಿಟನ್ನಿನ ಡೇವಿಡ್ ಗೋಲ್ಡ್‌ಬರ್ಗ್ ಮತ್ತು ಪೀಟರ್ ಹಕ್ಸ್‌ಲಿ 1992ರಲ್ಲಿ ತಮ್ಮ ಪುಸ್ತಕಕ್ಕೆ ಈ ಹೆಸರಿಟ್ಟ ಮೇಲೆ ವೈದ್ಯರಲ್ಲಿ ಈ ಮಾತು ನೆಲೆಯೂರಿತು. ಸಾಮಾನ್ಯ ಎಂದರೆ ಹೆಚ್ಚು ಜನರಲ್ಲಿ ಕಾಣುವಂಥದ್ದು ಎಂದಷ್ಟೇ, ಸಣ್ಣದು ಎಂದಲ್ಲ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಬಂದವರನ್ನು ಊರು ಬೇಗ ಗುರುತಿಸುತ್ತದೆ, ಮನೆಯವರು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾರೆ. ಖಿನ್ನತೆಯಲ್ಲಿ ಬಳಲುವ ಹೆಂಗಸು ಬೆಳಿಗ್ಗೆ ಎದ್ದು ಗಂಜಿ ಬೇಯಿಸುತ್ತಾಳೆ, ಮಕ್ಕಳನ್ನು ಶಾಲೆಗೆ ಹೊರಡಿಸುತ್ತಾಳೆ, ಸಂಘದ ಸಭೆಗೂ ಹೋಗಿ ಬರುತ್ತಾಳೆ. ಅವಳ ಕಾಯಿಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಕಾಯಿಲೆಗಳ ಬಗ್ಗೆ ಬರೆಯುವಾಗ ಉಡುಪಿ ಜಿಲ್ಲೆಯ ಕರಾವಳಿಯನ್ನು ಆರಿಸಿಕೊಳ್ಳಲು ಗಟ್ಟಿ ಕಾರಣವಿದೆ. ಶಿರೂರು ಜಿಲ್ಲೆಯ ಬಡಗಣ ತುದಿಯ ಊರು. ಬೈಂದೂರಿನಿಂದ ಒತ್ತಿನೆಣೆ ಗುಡ್ಡ ಹತ್ತಿಳಿದರೆ ಶಿರೂರು; ಅದರಾಚೆ ಉತ್ತರ ಕನ್ನಡದ ಭಟ್ಕಳ ತಾಲ್ಲೂಕು. (2024ರ ಜುಲೈಯಲ್ಲಿ ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು, ಇದು ಬೇರೆ.) ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಕೋಟ ಸಿಗುತ್ತದೆ. ಭಾರತದ ಹಳ್ಳಿಗಳಲ್ಲಿ ಮನಸ್ಸಿನ ಕಾಯಿಲೆ ಎಷ್ಟಿದೆ, ಹೇಗಿದೆ, ಜನ ಅದಕ್ಕೆ ಏನು ಮಾಡುತ್ತಾರೆ ಎಂದು ಮನೆಮನೆ ಹೊಕ್ಕು ನೋಡಿದ ಬಹುಮುಖ್ಯ ಅಧ್ಯಯನಗಳಲ್ಲೊಂದು ನಡೆದದ್ದು ಅಲ್ಲಿ.

ಕೋಟದ ಅಧ್ಯಯನ

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಹುಟ್ಟಿದ್ದು ಭಾರತದಲ್ಲಿ, ಮಿಷನರಿ ಕುಟುಂಬದಲ್ಲಿ. ರಾಜಸ್ಥಾನದ ಹಳ್ಳಿಗಳಲ್ಲಿದ್ದು ಪುಸ್ತಕವನ್ನೂ ಬರೆದಿದ್ದರು. ಅವರ ಜೊತೆ ಸೇರಿದವರು ರವಿ ಎಲ್. ಕಪೂರ್, ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದ ಮನೋವೈದ್ಯರು. ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಕೂಡ ಈ ಕೆಲಸದಲ್ಲಿ ಪಾಲುಗೊಂಡರು. ಆಗ ಉಡುಪಿ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ (ಆದದ್ದು 1997ರಲ್ಲಿ). ಕೋಟ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1953ರಲ್ಲಿ ಶುರುವಾದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಹತ್ತಿರದಲ್ಲೇ ಇತ್ತು. ಅಧ್ಯಯನದ ಪುಸ್ತಕ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' 1976ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದೇ ವರ್ಷ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯವನ್ನು ಕುರಿತ ಕನ್ನಡ ಪುಸ್ತಕವೊಂದು ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿ ಪಡೆದ ವರ್ಷವೇ ಕನ್ನಡದ ಹಳ್ಳಿಯೊಂದು ಜಗತ್ತಿನ ಮನೋವೈದ್ಯರ ಕಪಾಟು ಸೇರಿತೆಂಬುದು ನನಗೆ ಹೆಮ್ಮೆಯ ವಿಷಯ.

ಸಂಶೋಧಕರು ಮೂರು ಸಮುದಾಯಗಳನ್ನು ಆರಿಸಿಕೊಂಡರು: ಬ್ರಾಹ್ಮಣರು, ಬಂಟರು, ಮೊಗೇರರು. ಮೊದಲನೆಯದರಲ್ಲಿ ಆಸ್ತಿ ಅಪ್ಪನಿಂದ ಮಗನಿಗೆ, ಬಂಟರಲ್ಲಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ, ಮೀನುಗಾರಿಕೆಯ ಮೊಗೇರರು ಹಳೆಯ ಅಳಿಯಕಟ್ಟಿನಿಂದ ಮಕ್ಕಳಕಟ್ಟಿಗೆ ಸರಿಯುತ್ತಿದ್ದ ಹೊತ್ತು ಅದು. ಬಾಳಿನ ಕಟ್ಟು ಬದಲಾದಾಗ ಮನಸ್ಸಿಗೆ ಏನಾಗುತ್ತದೆ ಎಂಬುದು ಅವರ ಮುಖ್ಯ ಪ್ರಶ್ನೆ. ತಾಯಿಮನೆಯ ಸೂರಿನಡಿ ಬೆಳೆದ ಹೆಂಗಸು ಗಂಡನ ಮನೆಗೆ ಬಂದು ನೆಲೆ ನಿಲ್ಲಬೇಕಾದಾಗ, ಸೋದರಮಾವನ ಮಾತಿಗೆ ಒಗ್ಗಿದ ಹುಡುಗ ಅಪ್ಪನ ಯಜಮಾನಿಕೆಯಡಿ ಬಂದಾಗ ಎಷ್ಟೆಲ್ಲ ತಳಮಳ ಹುಟ್ಟುತ್ತದೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ವಿದೇಶದ ಪ್ರಶ್ನಾವಳಿಯನ್ನು ತಂದು ಕೇಳಿದರೆ ಇಲ್ಲಿನ ಸಂಕಟ ಸಿಕ್ಕುವುದಿಲ್ಲ ಎಂದು ತಂಡಕ್ಕೆ ಅರಿವಾಗಿತ್ತು. ಅದಕ್ಕೆ ಭಾರತದ ಜನರಿಗೆಂದೇ ಹೊಸ ಸಂದರ್ಶನ ಪಟ್ಟಿ ಸಿದ್ಧವಾಯಿತು. 1974ರಲ್ಲಿ ಅದರ ವಿವರ ಪ್ರಕಟವಾಯಿತು. ದೇಹದ ದೂರುಗಳಿಗೆ, ಮೈಮೇಲೆ ಬರುವುದಕ್ಕೆ ಅದರಲ್ಲಿ ಜಾಗವಿತ್ತು. ಮಾತಾಡಿಸಿದ ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮನಸ್ಸಿಗೆ ಸಂಬಂಧಿಸಿದ ಒಂದಾದರೂ ಲಕ್ಷಣವಿತ್ತು. ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಕೋಟದಲ್ಲಿ ಎಣಿಸಿದ್ದು ಲಕ್ಷಣಗಳನ್ನು, ಆಸ್ಪತ್ರೆಯ ಭಾಷೆಯ ಕಾಯಿಲೆಗಳನ್ನಲ್ಲ. 1998ರಲ್ಲಿ ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಮತ್ತು ಸಹ ಸಂಶೋಧಕರು ಭಾರತದ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಸಾವಿರಕ್ಕೆ 58 ಮಂದಿಗೆ ಮಾನಸಿಕ ಕಾಯಿಲೆ ಎಂಬ ಅಂಕಿ ಬಂತು. ಎರಡರ ನಡುವೆ ಇಷ್ಟು ಅಂತರವಿರುವುದಕ್ಕೆ ಜನ ಕಾರಣವಲ್ಲ, ಅಳತೆಗೋಲು ಕಾರಣ. ಕೋಟದವರಿಗೆ ಹೆಚ್ಚು ಕಾಯಿಲೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಜನ ಯಾರ ಬಳಿಗೆ ಹೋಗುತ್ತಿದ್ದರು ಎಂಬ ಭಾಗ. ಕಪೂರ್ 1975ರಲ್ಲಿ ಅದನ್ನೇ ಪ್ರತ್ಯೇಕವಾಗಿ ಬರೆದರು. ಊರಲ್ಲಿ ಇಂಗ್ಲಿಷ್ ಮದ್ದಿನ ಡಾಕ್ಟರಿದ್ದರು. ನಾಡಿ ಹಿಡಿದು ಕಷಾಯ ಕೊಡುವ ವೈದ್ಯರಿದ್ದರು. ಕವಡೆ ಹಾಕಿ, ಮಂತ್ರಿಸಿ, ನೂಲು ಕಟ್ಟುವ ಮಂತ್ರವಾದಿಗಳಿದ್ದರು. ಮೈಮೇಲೆ ದೈವ ಬಂದು ಅಭಯ ನುಡಿಯುವ ಪಾತ್ರಿಗಳಿದ್ದರು. ಓದಿದವರು ಡಾಕ್ಟರ ಬಳಿಗೆ, ಓದದವರು ಪಾತ್ರಿಯ ಬಳಿಗೆ ಎಂಬ ಗೆರೆ ಅಲ್ಲಿ ಕಾಣಲಿಲ್ಲ. ಒಂದೇ ಕಾಯಿಲೆಗೆ ಒಂದೇ ಮನೆಯವರು ಎರಡೂ ಕಡೆ ಹೋಗುತ್ತಿದ್ದರು, ಅದರಲ್ಲಿ ವಿರೋಧವೇನೂ ಅವರಿಗೆ ಕಾಣುತ್ತಿರಲಿಲ್ಲ. ಐವತ್ತು ವರ್ಷದ ಮೇಲೂ ಕುಂದಾಪುರ ಸೀಮೆಯಲ್ಲಿ ಇದು ಹಾಗೆಯೇ ಇದೆ. ಸ್ಕ್ಯಾನಿಂಗ್ ಮಾಡಿಸಿ ಬಂದ ಮರುದಿನ ನಾಗದರ್ಶನಕ್ಕೆ ಹೇಳಿಕೊಳ್ಳುತ್ತಾರೆ. ಗುಳಿಗೆ ನುಂಗುತ್ತಲೇ ಪ್ರಶ್ನೆ ಇಡಿಸುತ್ತಾರೆ. ಶಿರೂರಿನ ಮುಸ್ಲಿಂ ಮನೆಗಳಲ್ಲಿ ತಾಯಿತ ಕಟ್ಟಿಸುವವರಿದ್ದಾರೆ. ಇದನ್ನು ಮೂಢತನವೆಂದು ಬೈದು ಕಳಿಸುವ ವೈದ್ಯರು ರೋಗಿಯನ್ನು ಕಳೆದುಕೊಳ್ಳುತ್ತಾರೆ, ಅಷ್ಟೇ. ಪಾತ್ರಿಯ ಮುಂದೆ ಮನೆಮಂದಿಯೆಲ್ಲ ಸೇರಿ ನಿಂತು, ಯಾರೂ ಆಡದಿದ್ದ ಮಾತು ಹೊರಬರುತ್ತದೆ. ಸೊಸೆಯ ನೋವನ್ನು ಅತ್ತೆ ಕೇಳಲೇಬೇಕಾಗುತ್ತದೆ. ಅದರ ಬೆಲೆ ಅದಕ್ಕಿದೆ. ಹಾಗೆಂದು ಸಾಲ ಮಾಡಿ ದೊಡ್ಡ ಸೇವೆ ಮಾಡಿಸುತ್ತ ವರ್ಷಗಳನ್ನು ಕಳೆದು, ಗುಳಿಗೆಯಿಂದ ವಾಸಿಯಾಗಬಹುದಾದ ಖಿನ್ನತೆಯನ್ನು ಬೆಳೆಯಲು ಬಿಡುವುದೂ ಸರಿಯಲ್ಲ.

ಮೈ ಆಡುವ ಮಾತು

ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಕುಳಿತರೆ ಇಂಥ ಒಬ್ಬರು ಸಿಗುತ್ತಾರೆ. ನಲವತ್ತರ ಆಚೀಚಿನ ಹೆಂಗಸು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ನಾಲ್ಕು ವರ್ಷದ ಚೀಟಿಗಳು, ಹೊಟ್ಟೆಯ ಸ್ಕ್ಯಾನ್, ಎರಡು ಸಲ ತೆಗೆಸಿದ ಇಸಿಜಿ, ಮುಗಿದ ಗುಳಿಗೆಗಳ ಖಾಲಿ ಪಟ್ಟಿಗಳು. ಎಲ್ಲದರಲ್ಲೂ 'ನಾರ್ಮಲ್' ಎಂದಿದೆ. "ಎಂತ ತೊಂದ್ರೆ ಅಕ್ಕಾ?" ಎಂದರೆ, "ಮೈಯೆಲ್ಲ ನೋವು ಡಾಕ್ಟ್ರೇ, ತಲಿ ಭಾರ, ಎದಿ ಉರಿ, ನಿದ್ರಿ ಬತ್ತಿಲ್ಲೆ." ಇಷ್ಟಕ್ಕೇ ಗ್ಯಾಸ್ಟ್ರಿಕ್ ಎಂದು ಬರೆದು ಕೊಡುವುದು ಸುಲಭ. ಈ ಸೀಮೆಯಲ್ಲಿ ಗ್ಯಾಸ್ಟ್ರಿಕ್ ಎಂಬ ಒಂದು ಪದದೊಳಗೆ ಎಷ್ಟು ಜನರ ಆತಂಕ ಅಡಗಿದೆಯೋ. ಇನ್ನೂ ಎರಡು ನಿಮಿಷ ಕೊಟ್ಟು "ಮನ್ಸಿಗೆ ಹ್ಯಾಂಗಿತ್ತ್?" ಎಂದು ಕೇಳಿದರೆ ಮಾತ್ರ, "ಎಂತ ಮಾಡೂಕೂ ಮನ್ಸಿಲ್ಲೆ. ಸುಮ್ನೆ ಮಂಡಿ ಬಿಸಿ" ಎಂಬ ಉತ್ತರ ಬರುತ್ತದೆ, ಅದರ ಹಿಂದೆಯೇ ಕಣ್ಣೀರು.

ಮಂಡೆಬಿಸಿ ಎಂಬುದು ನಮ್ಮ ಕರಾವಳಿಯ ಮಾತು. ಚಿಂತೆ, ಕಿರಿಕಿರಿ, ದಿಕ್ಕುತೋಚದ ಸ್ಥಿತಿ ಎಲ್ಲವನ್ನೂ ಅದು ಹಿಡಿಯುತ್ತದೆ. ಜಿಂಬಾಬ್ವೆಯ ಶೋನಾ ಜನರಲ್ಲಿ ಇದಕ್ಕೆ ಹತ್ತಿರದ 'ಕುಫುಂಗಿಸಿಸಾ' ಎಂಬ ಪದವಿದೆ. ಅತಿಯಾಗಿ ಯೋಚಿಸುವುದು ಎಂದರ್ಥ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಂಡಾ ಆರೋಗ್ಯ ಕೇಂದ್ರದ ಅಂಗಳದಲ್ಲಿ ಮರದ ಬೆಂಚು ಹಾಕಿಸಿ, ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು, ಬಂದವರ ಸಮಸ್ಯೆಯನ್ನು ಒಂದೊಂದಾಗಿ ಬಿಡಿಸುವುದನ್ನು ಕಲಿಸಿದರು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಒಳ್ಳೆಯ ಗುಣ ಕಂಡಿತು. ಜನ ತಮ್ಮ ಕಷ್ಟಕ್ಕೆ ಇಟ್ಟುಕೊಂಡ ಪದದಿಂದಲೇ ಮಾತು ಶುರು ಮಾಡಿದ್ದು ಅದರ ಬಲ.

ಸಂಕಟವನ್ನು ಪ್ರತಿ ಸಮಾಜವೂ ತನ್ನದೇ ನುಡಿಗಟ್ಟಿನಲ್ಲಿ ಹೇಳಿಕೊಳ್ಳುತ್ತದೆ ಎಂಬ ವಿಚಾರಕ್ಕೆ ಮಾನವಶಾಸ್ತ್ರದಲ್ಲಿ ನೆಲೆ ಕೊಟ್ಟ ಲೇಖನವೂ ನಮ್ಮ ಕರಾವಳಿಯದೇ. ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ವಿದ್ವಾಂಸರು ದಕ್ಷಿಣ ಕನ್ನಡದ ಹವ್ಯಕ ಮನೆಗಳ ಹೆಂಗಸರನ್ನು ಕುರಿತು 1981ರಲ್ಲಿ ಅದನ್ನು ಬರೆದರು. ಬಾಯಿಬಿಟ್ಟು ದೂರಲಾಗದವಳು ಊಟ ಬಿಟ್ಟು ಸೊರಗುತ್ತಾಳೆ, ಮಡಿಮೈಲಿಗೆಯನ್ನು ಅತಿಗೆ ಒಯ್ಯುತ್ತಾಳೆ, ದೃಷ್ಟಿ ತಗುಲಿತೆನ್ನುತ್ತಾಳೆ, ಕೆಲವೊಮ್ಮೆ ಮೈಮೇಲೆ ಬರುತ್ತದೆ. ಇದು ನಟನೆಯಲ್ಲ, ಮನೆಯಲ್ಲಿ ಬೇರೆ ಯಾವ ಮಾತಿಗೂ ಕಿವಿ ಇಲ್ಲದಾಗ ಉಳಿದಿರುವ ಮಾತು. ಇನ್ನೂ ಉತ್ತರಕ್ಕೆ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ತಂಡ ಬಿಳುಪು ಹೋಗುತ್ತದೆಂದು ಹೇಳಿಕೊಂಡು ಬರುವ ಹೆಂಗಸರನ್ನು ಪರೀಕ್ಷಿಸಿ, ಆ ದೂರಿಗೆ ಸೋಂಕಿಗಿಂತ ಮನಸ್ಸಿನ ಬೇಗುದಿಯ ನಂಟೇ ಬಲವಾಗಿದೆಯೆಂದು ತೋರಿಸಿತು. ಗಂಡಸರಲ್ಲಿ 'ಧಾತು ಹೋಗಿ ಸುಸ್ತಾಗಿದೆ' ಎಂಬ ದೂರಿನ ಹಿಂದೆಯೂ ಬಹಳ ಸಲ ಖಿನ್ನತೆ, ಆತಂಕಗಳಿರುತ್ತವೆ. ರಸ್ತೆಬದಿಯ ಗೋಡೆಬರಹದ ವೈದ್ಯರು ಅದನ್ನೇ ಬಂಡವಾಳ ಮಾಡಿಕೊಂಡಿರುವುದು ನೋವಿನ ಸಂಗತಿ.

ಯಾರಿಗೆ, ಏಕೆ

ಬಡದೇಶಗಳಲ್ಲಿ ನಡೆದ ಸಮುದಾಯ ಅಧ್ಯಯನಗಳನ್ನು ಪಟೇಲ್ ಮತ್ತು ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 2003ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಕಡಿಮೆ ಓದಿಗೂ ಈ ಕಾಯಿಲೆಗಳಿಗೂ ಇರುವ ನಂಟು ಹೆಚ್ಚಿನವುಗಳಲ್ಲಿ ಕಂಡಿತು. ಬರಿಯ ಕಡಿಮೆ ಆದಾಯಕ್ಕಿಂತ ನಾಳೆಯ ಅಭದ್ರತೆ, ಕೈಬಿಟ್ಟ ಭರವಸೆ, ಬೇಗಬೇಗ ಬದಲಾಗುವ ಸಮಾಜ, ಕೆಟ್ಟ ಆರೋಗ್ಯ ಇವು ಮನಸ್ಸನ್ನು ಹೆಚ್ಚು ಕುಗ್ಗಿಸುತ್ತವೆ ಎಂಬುದು ಅವರ ನಿಲುವು.

ಶಿರೂರು, ಬೈಂದೂರು, ಗಂಗೊಳ್ಳಿಯ ಬದುಕಿಗೆ ಈ ಮಾತು ಹೊಂದುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿ ದಡದಲ್ಲಿ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಸಂಘದ ವಾರದ ಕಂತಿಗೆ ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲ. ಮರವಂತೆಯ ಕಡೆ ಮಳೆಗಾಲ ಬಂದರೆ ಕಡಲ್ಕೊರೆತದ ಹೆದರಿಕೆ. ಗಂಡಸರು ಗಲ್ಫ್‌ನಲ್ಲಿ, ಮುಂಬೈಯ ಹೋಟೆಲುಗಳಲ್ಲಿ, ಬೆಂಗಳೂರಿನ ಬೇಕರಿಗಳಲ್ಲಿ. ಮನೆಯ ಭಾರ, ವಯಸ್ಸಾದವರ ಆರೈಕೆ, ಮಕ್ಕಳ ಓದು ಹೆಂಗಸರ ಹೆಗಲಿಗೆ. ಬೇಕರಿಯಲ್ಲಿ ನಸುಕಿನಿಂದ ನಡುರಾತ್ರಿಯವರೆಗೆ ನಿಂತು ದುಡಿಯುವ ಇಪ್ಪತ್ತರ ಹುಡುಗನ ನಿದ್ದೆಗೇಡನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಮಂದಿ ಒಮ್ಮೆಗೇ ಊರಿಗೆ ಮರಳಿ, ಶಾಲೆ ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಕೂತಿದ್ದರು. ಕೈಯಲ್ಲಿ ಕೆಲಸವಿಲ್ಲ, ಊರವರ ಕಣ್ಣಿನಲ್ಲಿ ಅನುಮಾನ. ಕೋವಿಡ್‌ನ ಮೊದಲ ವರ್ಷ ಜಗತ್ತಿನಲ್ಲಿ ಖಿನ್ನತೆ, ಆತಂಕಗಳು ಸುಮಾರು ಶೇ. 25ರಷ್ಟು ಏರಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು.

ಹೆಂಗಸರಲ್ಲಿ ಖಿನ್ನತೆ ಮತ್ತು ಆತಂಕ ಗಂಡಸರಿಗಿಂತ ಹೆಚ್ಚು. ಇದು ಎಲ್ಲ ದೇಶಗಳ ಅನುಭವ. ಗೋವಾದಲ್ಲಿ 2002ರಲ್ಲಿ ವರದಿಯಾದ ಅಧ್ಯಯನದಲ್ಲಿ ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಶೇ. 23ರಷ್ಟು ತಾಯಂದಿರಿಗೆ ಖಿನ್ನತೆ ಇತ್ತು. ಗಂಡನ ಹೊಡೆತ, ಹಸಿವು, ಹುಟ್ಟಿದ್ದು ಹೆಣ್ಣೆಂಬ ಮನೆಯವರ ಮುಖಭಾವ ಅದಕ್ಕೆ ಕಾರಣಗಳಾಗಿದ್ದವು. ಬಾಣಂತಿಗೆ ನಮ್ಮಲ್ಲಿ ನಲವತ್ತು ದಿನ ಎಣ್ಣೆ, ಬಿಸಿನೀರು, ಲೇಹ್ಯ ಎಲ್ಲ ಇದೆ. ಅವಳು ಮಗುವಿನ ಮುಖ ನೋಡಿ ಏಕೆ ಅಳುತ್ತಿದ್ದಾಳೆಂದು ಕೇಳುವವರೂ ಇರಬೇಕು. ಗಂಡಸರ ಖಿನ್ನತೆ ಬಹಳ ಸಲ ಕುಡಿತದ ಕೆಳಗೆ ಮುಚ್ಚಿಹೋಗುತ್ತದೆ.

ದೇಶದ ಲೆಕ್ಕ

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳನ್ನು ಒಳಗೊಂಡಿತ್ತು. ಅದರ ವಿಧಾನವನ್ನು ಮೊದಲು ಒರೆಹಚ್ಚಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಖಿನ್ನತೆಯಿದ್ದವರಲ್ಲಿ ಶೇ. 85ರಷ್ಟು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಬೇರೊಂದು ಅಂದಾಜಿನ ಪ್ರಕಾರ 2017ರಲ್ಲಿ ಭಾರತದಲ್ಲಿ ಸುಮಾರು 4.57 ಕೋಟಿ ಜನರಿಗೆ ಖಿನ್ನತೆ, 4.49 ಕೋಟಿ ಜನರಿಗೆ ಆತಂಕದ ಕಾಯಿಲೆ. ಮನೋವೈದ್ಯರು ಲಕ್ಷ ಜನಕ್ಕೆ ಒಬ್ಬರೂ ಇಲ್ಲ. ಇರುವವರೂ ಹೆಚ್ಚಾಗಿ ನಗರಗಳಲ್ಲಿ.

ಆದ್ದರಿಂದ ಊರಿನ ಡಾಕ್ಟರಿಗೆ, ದಾದಿಗೆ, ಆರೋಗ್ಯ ಕಾರ್ಯಕರ್ತೆಗೆ ಈ ವಿದ್ಯೆ ಕಲಿಸುವುದೊಂದೇ ದಾರಿ. ಈ ದಾರಿಯನ್ನು ದೇಶಕ್ಕೆ ತೋರಿಸಿದ್ದು ಕರ್ನಾಟಕ. 1975ರಲ್ಲಿ ನಿಮ್ಹಾನ್ಸ್ ಸಮುದಾಯ ಘಟಕ ತೆರೆಯಿತು, ಅದರ ಬಳಗ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೆಲಸ ಮಾಡುತ್ತ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಕಲಿಸುವ ಪಾಠಕ್ರಮ ರೂಪಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದ ನಡುವಿನಲ್ಲಿ ಬಳ್ಳಾರಿ ಜಿಲ್ಲೆಯನ್ನೇ ಇಡಿಯಾಗಿ ತೆಗೆದುಕೊಂಡು ಪ್ರಯೋಗ ಮಾಡಿದರು. ಅದು ಕೈಗೂಡಿದ್ದರಿಂದ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಇದೇ ಬಳಗದ ಸಿ.ಆರ್. ಚಂದ್ರಶೇಖರ್ ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಸರಳ ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳನ್ನು ವಿವರಿಸಿದ್ದಾರೆ. ಪಟ್ಟಣದ ಗ್ರಂಥಾಲಯಗಳಲ್ಲಿ ಅವು ಕೈಯಿಂದ ಕೈಗೆ ಹೋಗಿ ಸವೆದಿರುವುದನ್ನು ನೋಡಿದರೆ ಜನರಿಗೆ ಎಷ್ಟು ಬೇಕಾಗಿತ್ತೆಂದು ತಿಳಿಯುತ್ತದೆ.

ಇಲ್ಲಿ ಸಿಗುವ ಚಿಕಿತ್ಸೆ

ಶಿರೂರಿನಿಂದ ಮಣಿಪಾಲ ಎಪ್ಪತ್ತು ಕಿಲೋಮೀಟರಿಗೂ ದೂರ. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜೊತೆಗೊಬ್ಬರು ಇಷ್ಟೂ ಹೊಂದಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ಏರ್ಪಡಿಸುವುದು ಇದಕ್ಕೇ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು; 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕು ಸಾಕೆಂಬ ಯೋಚನೆ ಬಂದವರು ಮುಜುಗರಪಡದೆ ಆ ಗಳಿಗೆಯಲ್ಲೇ ಈ ನಂಬರಿಗೆ ಕರೆ ಮಾಡಬೇಕು, ಮನೆಯವರು ಅವರನ್ನು ಒಂಟಿಯಾಗಿ ಬಿಡಬಾರದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಸರ್ಕಾರ ಅವರ ಆರೈಕೆ ಮಾಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಮುಚ್ಚಿಡುವ ಅಗತ್ಯವಿಲ್ಲ.

ಗುರುತಿಸುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಎರಡು ವಾರಗಳಿಂದ ಬೇಸರವಿದೆಯೇ, ಮೊದಲು ಇಷ್ಟವಿದ್ದದ್ದರಲ್ಲಿ ಆಸಕ್ತಿ ಹೋಗಿದೆಯೇ ಎಂಬ ಎರಡು ಪ್ರಶ್ನೆಗಳಿಂದ ಶುರು ಮಾಡಿ, ನಿದ್ದೆ, ಹಸಿವು, ಸುಸ್ತು, ತನ್ನ ಬಗ್ಗೆ ಕೀಳರಿಮೆ, ಸಾವಿನ ಯೋಚನೆ ಇವನ್ನು ಕೇಳಿದರೆ ಬಹುಪಾಲು ತಿಳಿಯುತ್ತದೆ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯಲ್ಲೂ ಇಂಥದೇ ಸುಸ್ತು ಇರುವುದರಿಂದ ಅವನ್ನೊಮ್ಮೆ ನೋಡಿಕೊಳ್ಳಬೇಕು. ಹಗುರವಾದ ಕಾಯಿಲೆಗೆ ಮಾತಿನ ಚಿಕಿತ್ಸೆ ಸಾಕಾಗಬಹುದು. ಎದುರಿರುವ ಕಷ್ಟಗಳನ್ನು ಬಿಡಿಸಿ ಬರೆದು, ಈ ವಾರ ಕೈಹಾಕಬಹುದಾದದ್ದು ಯಾವುದೆಂದು ಆರಿಸುವುದು. ನಿಂತುಹೋದ ಸಣ್ಣ ಕೆಲಸವೊಂದನ್ನು ಮತ್ತೆ ಹಿಡಿಯುವುದು. ಗೋವಾದ 24 ಆರೋಗ್ಯ ಕೇಂದ್ರಗಳಲ್ಲಿ ನಡೆದು 2010ರಲ್ಲಿ ವರದಿಯಾದ ಮಾನಸ್ ಪ್ರಯೋಗದಲ್ಲಿ, ವೈದ್ಯರಲ್ಲದ ಸ್ಥಳೀಯ ಸಲಹೆಗಾರರು ಸರ್ಕಾರಿ ಕೇಂದ್ರಗಳಿಗೆ ಬಂದ ಬಡವರಿಗೆ ಹೀಗೆ ನೆರವಾದಾಗ ಗುಣವಾದವರ ಪ್ರಮಾಣ ಹೆಚ್ಚಾಯಿತು. ಶಿರೂರಿನ ಆಶಾ ಕಾರ್ಯಕರ್ತೆ ಇದನ್ನು ಮಾಡಲಾರಳೆಂದು ನಾನು ನಂಬುವುದಿಲ್ಲ. ಯಾವ ಮನೆಯಲ್ಲಿ ಯಾರು ಮಾತು ಬಿಟ್ಟಿದ್ದಾರೆಂದು ಅವಳಿಗೆ ಈಗಾಗಲೇ ಗೊತ್ತಿದೆ.

ಕಾಯಿಲೆ ಹೆಚ್ಚಾಗಿದ್ದರೆ ಗುಳಿಗೆ ಬೇಕು. ಫ್ಲೂಆಕ್ಸೆಟಿನ್, ಎಸ್ಸಿಟಲೊಪ್ರಾಮ್‌ನಂಥವು ಅಗ್ಗದವು, ಚಟ ಹಿಡಿಸುವಂಥವಲ್ಲ. ಇವು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದುಂಟು. ಈ ಎರಡು ಮಾತನ್ನು ಮೊದಲೇ ಹೇಳದಿದ್ದರೆ ರೋಗಿ ಐದನೇ ದಿನ ಗುಳಿಗೆ ಬಿಸಾಡುತ್ತಾರೆ. ಅಲ್‌ಪ್ರಜೋಲಾಂನಂಥ ನಿದ್ದೆ ಗುಳಿಗೆಯ ವಿಷಯ ಬೇರೆ. ಕೆಲವು ದಿನಕ್ಕೆಂದು ಬರೆದದ್ದನ್ನು ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವವರಿದ್ದಾರೆ. ಅದು ಅಭ್ಯಾಸವಾಗಿ ಬಿಡಲು ಕಷ್ಟವಾಗುತ್ತದೆ.

ಗುಣವಾಯಿತೆನಿಸಿದ ಮೇಲೂ ಆರರಿಂದ ಒಂಬತ್ತು ತಿಂಗಳಾದರೂ ಗುಳಿಗೆ ಮುಂದುವರಿಸಬೇಕು, ಬಿಡುವಾಗ ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಬೇಕು. ಕರಾವಳಿಯಲ್ಲಿ ಚಿಕಿತ್ಸೆ ಕಡಿದುಹೋಗುವುದು ಹೆಚ್ಚಾಗಿ ಈ ಹಂತದಲ್ಲೇ. ಮಳೆಗಾಲದ ರಜೆಯಲ್ಲಿ ಹೆಂಡತಿಯ ಒತ್ತಾಯಕ್ಕೆ ಆಸ್ಪತ್ರೆಗೆ ಬಂದು, ಜುಲೈ ಕೊನೆಗೆ ನಿದ್ದೆ ಸರಿಯಾಗಿ, ಊಟ ಸೇರಲು ಶುರುವಾದವನು ಆಗಸ್ಟ್‌ನಲ್ಲಿ ದೋಣಿ ಇಳಿಯುತ್ತಲೇ ಕಡಲಿಗೆ ಹೊರಡುತ್ತಾನೆ. ಮಂಗಳವಾರ ಅವನು ದಡದಲ್ಲಿರುವುದಿಲ್ಲ. ಇಂಥವನಿಗೆ ಒಂದು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಟ್ಟು, ಮುಂದಿನ ಸಲ ಹೆಂಡತಿ ಚೀಟಿ ತಂದರೂ ಆದೀತೆಂದು ಹೇಳಿ ಕಳಿಸುವ ಡಾಕ್ಟರಿದ್ದಾರೆ. ಅವರ ರೋಗಿಗಳು ಗುಳಿಗೆ ಬಿಡುವುದಿಲ್ಲ.